ದನಗಳ ಜೊತೆಗೆ

ಕಲ್ಲುಬೇಣವನ್ನು ಕೊಳ್ಳಲು ಬಂದವರು ಒಳ್ಳೆಯವರಾಗಿದ್ದರು. ಕೆಟ್ಟವರಾಗಿದ್ದರೆ ಪದ್ಮಲತಾಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಕೆಟ್ಟವರ ಮುಖದ ಮೇಲೆ ಬಾಗಿಲು ಹಾಕುವುದು ಸುಲಭ. ಒಳ್ಳೆಯವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರುತ್ತಾರೆ, ನೀರು ಬೆಲ್ಲ ಕೊಟ್ಟರೆ ಎರಡೂ ಕೈಯಲ್ಲಿ ಈಸಿಕೊಳ್ಳುತ್ತಾರೆ, ಆಮೇಲೆ ಅವರು ಏನು ಕೇಳಿದರೂ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ.

ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಇಳಿದರೆ ಸಿಗುವ ಗುಡ್ಡದ ಓರೆಯೇ ಕಲ್ಲುಬೇಣ. ಬೆಳೆ ಅಂತ ಅಲ್ಲಿ ಏನೂ ಇಲ್ಲ. ಹುಲ್ಲು, ನಡುನಡುವೆ ಹಾಸುಗಲ್ಲು, ಕೆಳಗೆ ಒಂದಿಷ್ಟು ಹಿನ್ನೀರು. ಇರುವುದು ದನ. ಮನೆಗಿಂತ ಕೊಟ್ಟಿಗೆ ಉದ್ದ. ದನಗಳು ತಮಗೆ ಅಂತ ಮನೆ ಕಟ್ಟಿಕೊಂಡು ಜೈನರಿಗೆ ಒಂದು ಮೂಲೆ ಬಿಟ್ಟುಕೊಟ್ಟಿವೆ ಎಂದು ಊರವರು ನಗೆಯಾಡುತ್ತಿದ್ದರು. ಎಲ್ಲವೂ ಮಲೆನಾಡು ಗಿಡ್ಡ. ಬೆಳಿಗ್ಗೆ ಬಿಟ್ಟರೆ ಗುಡ್ಡ ಹತ್ತಿ ಕಣ್ಣಿಗೆ ಕಾಣದಂತೆ ಹೋಗುವ ಜಾತಿ. ಸಂಜೆ ತಾವಾಗಿ ಬರುವ ಪೈಕಿಯೂ ಅಲ್ಲ. ಪದ್ಮಲತಾ ಕೊಟ್ಟಿಗೆಯ ಹಿಂದಿನ ದಿಬ್ಬದಲ್ಲಿ ನಿಂತು ಕೂಗಬೇಕು. ಕೂಗಿದರೆ ಎಲ್ಲಿದ್ದರೂ ಬರುತ್ತವೆ.

ಅವಳು ಈ ಬೇಣಕ್ಕೆ ಬಂದದ್ದು ಒಂದು ತಿಂಗಳ ಮಟ್ಟಿಗೆ. ಆಗ ಇಪ್ಪತ್ತೈದು ವರ್ಷ, ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಟೀಚರು. ಅಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ದನ ನೋಡಿಕೊಳ್ಳಲು ಯಾರಾದರೂ ಬೇಕಾಯಿತು, ತಮ್ಮ ಪದ್ಮಪ್ರಸಾದ ಆಗಿನ್ನೂ ಓದುತ್ತಿದ್ದ. ರಜೆ ಬರೆದು ಬಂದಳು. ಆ ಒಂದು ತಿಂಗಳು ಮುಗಿಯಲೇ ಇಲ್ಲ. ಅಪ್ಪ ಹತ್ತು ವರ್ಷ ಮಲಗಿ ಸತ್ತರು, ಪ್ರಸಾದ ಹೊಸನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಮದುವೆಯಾದ, ಅಕ್ಕನಿಗೆ ಬಂದ ಗಂಡುಗಳು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಈಗ ಅವಳಿಗೆ ನಲವತ್ತೈದು.

ದನ ಮಾರಿ ಹೊರಟುಬಿಡಬಹುದಿತ್ತಲ್ಲ ಎಂದು ಕೇಳುವವರಿಗೆ ಆ ಮನೆಯ ಮಾತು ಗೊತ್ತಿಲ್ಲ. ಹಾಲು ಕೊಡುವಾಗ ತಾಯಿ, ಬತ್ತಿದ ಮೇಲೆ ಲಾರಿ ಎನ್ನುವುದು ಅವರ ಕೊಟ್ಟಿಗೆಯಲ್ಲಿ ಯಾವ ಕಾಲಕ್ಕೂ ನಡೆದದ್ದಿಲ್ಲ. ಅಜ್ಜನ ಕಾಲದಿಂದಲೂ ಇಲ್ಲಿ ಹುಟ್ಟಿದ ದನ ಇಲ್ಲೇ ಸಾಯಬೇಕು, ಇಲ್ಲೇ ಮಣ್ಣಾಗಬೇಕು. ಇರುವೆಯನ್ನೂ ಬದಿಗೆ ಸರಿಸಿ ನೀರು ಚೆಲ್ಲುವ ಮನೆತನ ಅದು. ಪದ್ಮಲತಾ ಆ ಮಾತನ್ನು ಬಾಯಿಪಾಠ ಮಾಡಿ ನಂಬಿದವಳಲ್ಲ, ರಕ್ತದಿಂದ ನಂಬಿದವಳು. ಹಾಗಾಗಿ ಅವಳು ತನಗೆ ಉಳಿದಿದ್ದ ಒಂದೇ ದಾರಿ ಹಿಡಿದಿದ್ದಳು. ಅಪ್ಪ ಸತ್ತ ವರ್ಷ ಮನೆಯ ಹೋರಿಯೂ ಸತ್ತಿತು. ಅವಳು ಇನ್ನೊಂದನ್ನು ತರಲಿಲ್ಲ, ಇಂಜೆಕ್ಷನ್ನಿನ ಡಾಕ್ಟರನ್ನೂ ಕರೆಸಲಿಲ್ಲ. ಹೊಸ ಕರು ಹುಟ್ಟದಿದ್ದರೆ ಇದ್ದವು ಒಂದೊಂದಾಗಿ ಮುಪ್ಪಾಗಿ ಹೋಗುತ್ತವೆ, ಯಾರಿಗೂ ನೋವಿಲ್ಲ, ಪಾಪವಿಲ್ಲ, ಒಂದು ದಿನ ಕೊಟ್ಟಿಗೆ ತಾನಾಗಿ ಖಾಲಿ. ಕೊಟ್ಟಿಗೆ ತುಂಬ ದನ ಇಟ್ಟುಕೊಂಡು ಚಹಾಕ್ಕೆ ಕೆಳಗಿನ ಹೂವಯ್ಯನ ಮನೆಯಿಂದ ಹಾಲು ತರಿಸುತ್ತಾಳೆ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ಸುಮ್ಮನಿದ್ದಳು.

ಆದರೆ ದನಗಳಿಗೆ ಸಾಯುವ ಅವಸರ ಇರಲಿಲ್ಲ. ಅಷ್ಟರಲ್ಲಿ ಸಾಗರದಿಂದ ಚಿಕ್ಕಪ್ಪನ ಮಗಳು ಶ್ರದ್ಧಾ ಫೋನು ಮಾಡಿದಳು. ಅವಳದ್ದು ಪೇಟೆಯಲ್ಲಿ ಹೊಲಿಗೆ ಅಂಗಡಿ, ಜೊತೆಗೆ ನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕಲಿಸುತ್ತಾಳೆ. "ಮೇಲೊಂದು ರೂಮು ಖಾಲಿ ಉಂಟು, ಲತಕ್ಕ. ನೀ ಬಾ. ನಂಗೊಬ್ಬಳಿಗೆ ಆಗ್ತಾ ಇಲ್ಲ. ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡಬಹುದು ಮಾರಾಯ್ತಿ," ಎಂದಳು.

ಆ ಕೊನೆಯ ಮಾತು ಪದ್ಮಲತಾಳ ಎದೆಗೆ ನಾಟಿತು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜನ ಅವರು. ದನ ತಡವಾಗಿ ಬಂದ ದಿನ, ಕಟ್ಟಿ, ಕಲಗಚ್ಚು ಕೊಟ್ಟು, ಕೈ ತೊಳೆಯುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಮುಚ್ಚಿಟ್ಟ ಅನ್ನ ಬೆಳಿಗ್ಗೆ ಅದೇ ದನಕ್ಕೆ ಹೋಗುತ್ತಿತ್ತು. ಎಷ್ಟು ರಾತ್ರಿ ಹಾಗೆ ಮಲಗಿದ್ದಾಳೋ ಅವಳೂ ಲೆಕ್ಕ ಇಟ್ಟಿಲ್ಲ. ಹೋದ ತಿಂಗಳು ತನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ಸಾಗರಕ್ಕೆ ಕಳಿಸಿಬಿಟ್ಟಿದ್ದಳು. ಬಟ್ಟೆ ಆಗಲೇ ಹೋಗಿತ್ತು, ಮೈ ಮಾತ್ರ ಉಳಿದಿತ್ತು.

ಜಾಗ ಮಾರುವ ಮಾತು ತೆಗೆದವನು ಪ್ರಸಾದನೇ. "ಅಕ್ಕನಿಗೊಂದು ಬಿಡುಗಡೆ ಆಗ್ಲಿ ಅಂತ ಮಾರ್ತಿರೋದು," ಎಂದು ಎಲ್ಲರ ಹತ್ತಿರವೂ ಹೇಳಿದ. ಹೇಳುವಾಗ ಅವನ ಕಣ್ಣು ಸ್ವಲ್ಪ ಒದ್ದೆಯೂ ಆಗುತ್ತಿತ್ತು. ತಮ್ಮ ಕೆಟ್ಟವನಲ್ಲ, ಅಕ್ಕನನ್ನು ನೋಡದೆ ಅಕ್ಕನ ಬಗ್ಗೆ ಮರುಗುವ ಜಾತಿ. ಪಹಣಿಯಲ್ಲಿ ಇಬ್ಬರ ಹೆಸರೂ ಇತ್ತು, ಅವಳ ಸಹಿ ಇಲ್ಲದೆ ಏನೂ ಆಗುತ್ತಿರಲಿಲ್ಲ. ಅವಳು ಒಂದೇ ಷರತ್ತು ಹಾಕಿದಳು. ಕೊಳ್ಳುವವರು ದನಗಳನ್ನೂ ಜಾಗದ ಜೊತೆಗೇ ಎಣಿಸಿ ತೆಗೆದುಕೊಳ್ಳಬೇಕು. ಎಣಿಸಿದ್ದರಲ್ಲಿ ಒಂದೂ ಸಾಯುವ ತನಕ ಬೇಣ ಬಿಟ್ಟು ಹೋಗಕೂಡದು. ಇದನ್ನು ಕೇಳಿ ಮೂರು ಗಿರಾಕಿಗಳು ಚಹಾ ಕುಡಿದು ಎದ್ದು ಹೋದರು. ಗೋಶಾಲೆಗಳಲ್ಲಿ ವಿಚಾರಿಸಿದರೆ ಅಲ್ಲೂ ಜಾಗವಿಲ್ಲ. ನಾಲ್ಕನೆಯವನು ತೀರ್ಥಹಳ್ಳಿಯ ಪೂರ್ಣೇಶ್. ಷರತ್ತು ಕೇಳಿ ಅವನು, "ಅದೇ ಸರಿ. ನಾವೂ ದನ ಕಟ್ಟಿದ ಮನೆಯವರೇ," ಎಂದ. ಅವಳಿಗೆ ಆ ದಿನ ಗಾಳಿಯಲ್ಲಿ ನಡೆದಂತಾಗಿತ್ತು.

ಗಡಿ ನೋಡಿ ದನ ಎಣಿಸಲು ಅವನು ಮಾಘದ ಒಂದು ಬೆಳಿಗ್ಗೆ ಬಂದ. ಜೊತೆಗೆ ಸತೀಶ್ ಎಂಬ ದೂರದ ನೆಂಟ. ಮುಂದೆ ಬೇಣದ ಉಸ್ತುವಾರಿ ಅವನದೇ ಎಂದು ಮಾತಾಗಿತ್ತು. ಗಡಿಯ ಪಕ್ಕದವನೆಂದು ಹೂವಯ್ಯ ಸಾಕ್ಷಿಗೆ ಬಂದ. ಪ್ರಸಾದನಿಗೆ ಗಡಿ ಗೊತ್ತಿರಲಿಲ್ಲ. ಹಾಗಾಗಿ ಪದ್ಮಲತಾಳೇ ಕತ್ತಿ ಹಿಡಿದು ಮುಂದೆ ನಡೆದಳು.

ಕೆಳಗಡೆ ಹಿನ್ನೀರು, ಅಲ್ಲಿ ತಕರಾರಿಲ್ಲ. ಮೇಲ್ಗಡೆ ಸೊಪ್ಪಿನಬೆಟ್ಟ, ಸೊಪ್ಪು ತರುವ ಹಕ್ಕು ಇದೆ, ಮಾರುವ ಹಕ್ಕಿಲ್ಲ ಎಂದು ಅವಳೇ ಬಿಡಿಸಿ ಹೇಳಿದಳು. ಪಡುವಣ ಗಡಿಗೆ ಅಜ್ಜ ತೋಡಿಸಿದ ಅಗಳ ಇತ್ತು. ಈಗ ಅರ್ಧಕ್ಕರ್ಧ ಮಣ್ಣು ಮುಚ್ಚಿ, ಮಗುವೂ ದಾಟುವಷ್ಟಾಗಿತ್ತು. ಲಂಟಾನ ಸವರಿ ಗಡಿಕಲ್ಲು ತೋರಿಸಿದಳು. ಪೂರ್ಣೇಶ್ ಕಲ್ಲು ನೋಡಿ ತೃಪ್ತನಾದ, ಅಗಳ ನೋಡಿ ಹುಬ್ಬೇರಿಸಿದ.

"ಬೇಲಿನೇ ಇಲ್ವಲ್ಲ. ದನ ಆ ಕಡೆ ನುಗ್ಗಲ್ವಾ?"

"ಬೇಲಿ ಎಂಥಕ್ಕೆ?" ಎಂದ ಹೂವಯ್ಯ. "ಲತಮ್ಮ ಇದಾರಲ್ಲ. ಇಲ್ಲಿ ನಿಂತು ಒಂದ್ಸಲ ಗದರಿದ್ರೆ ಸಾಕು, ಎತ್ತಿದ ಕಾಲು ಕೆಳಗೆ ಇಡ್ತಾವೆ."

"ಹಾಗೇನಿಲ್ಲ," ಎಂದಳು ಪದ್ಮಲತಾ ಬೇಗ ಬೇಗ. "ಅವಕ್ಕೆ ಅಭ್ಯಾಸ ಆಗಿದೆ. ಯಾರಿದ್ರೂ ದಾಟಲ್ಲ."

"ಸುಳ್ಳು ಹೇಳ್ಬೇಡಿ ಲತಮ್ಮ. ನೀವು ಹುಂಚದ ಬಸದಿಗೆ ಹೋಗಿ ಒಂದು ರಾತ್ರಿ ಉಳ್ಕೊಂಡ್ರಿ ನೋಡಿ, ನನ್ನ ಸೌತೆ ಬಳ್ಳಿ ಬುಡ ಸಮೇತ ಹೋಯ್ತು. ನಾ ನಿಮಗೆ ಹೇಳ್ಲಿಲ್ಲ ಅಷ್ಟೆ."

ಹೂವಯ್ಯ ಹೊಗಳಲೆಂದೇ ಹೇಳಿದ್ದು. ಹೊಗಳಿಕೆಗೆ ಕಾಸು ಖರ್ಚಿಲ್ಲವಲ್ಲ, ಜನ ಧಾರಾಳವಾಗಿ ಕೊಡುತ್ತಾರೆ, ಪಡೆದವರ ಕುತ್ತಿಗೆಗೆ ಅದು ಏನಾಗಿ ಬೀಳುತ್ತದೆಂದು ನೋಡುವುದಿಲ್ಲ. ಪೂರ್ಣೇಶ್ ಅವಳತ್ತ ತಿರುಗಿದ. ಕೊಳ್ಳಲಿರುವ ಜಾಗದಲ್ಲಿ ಬೇಸಿಗೆಯಲ್ಲೂ ಬತ್ತದ ಬಾವಿ ಇದೆ ಎಂದು ಗೊತ್ತಾದವನ ನೋಟ ಅದು. ಅವಳು ಮುಂದಿನ ಕಲ್ಲಿನತ್ತ ನಡೆದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಪೂರ್ಣೇಶ್ ತನ್ನ ಯೋಜನೆ ಬಿಚ್ಚಿದ. ನಗರದ ಕೋಟೆ ನೋಡಿ, ಆಗುಂಬೆಗೆ ಹೋಗುವ ಜನ ರಾತ್ರಿ ಉಳಿಯಲು ಜಾಗ ಹುಡುಕುತ್ತಾರೆ. ಇಲ್ಲಿ ಹೋಂಸ್ಟೇ ಮಾಡಬೇಕು. "ರೂಮು, ಊಟ ಎಲ್ಲಾರೂ ಕೊಡ್ತಾರೆ. ನಾನು ಸಂಜೆ ತೋರಿಸ್ತೀನಿ. ಗುಡ್ಡದಿಂದ ದನ ಇಳಿಯೋದು. ನಾನು ಸಣ್ಣವನಿದ್ದಾಗ ನಮ್ಮಜ್ಜಿ ಕೂಗ್ತಿದ್ರು. ಅದನ್ನ ನೋಡಿ ಮೂವತ್ತು ವರ್ಷ ಆಯ್ತು," ಎಂದ. ಅವನ ದನಿಯಲ್ಲಿ ಕಪಟವಿರಲಿಲ್ಲ. ಪದ್ಮಲತಾ ಬಡಿಸುತ್ತಿದ್ದ ಸೌಟು ಪಾತ್ರೆಯಲ್ಲೇ ನಿಂತಿತು.

ಆದರೂ ಅವಳ ಕೈಯಲ್ಲಿ ಒಂದು ಉಪಾಯ ಇತ್ತು. ಕೊಟ್ಟಿಗೆ ಗುಡಿಸಲು ಬರುವ ದುಗ್ಗಮ್ಮನಿಗೆ ಎರಡು ತಿಂಗಳಿಂದ ಕೂಗು ಕಲಿಸುತ್ತಿದ್ದಳು. ಎಲ್ಲಿ ಎಳೆಯಬೇಕು, ಎಲ್ಲಿ ಮುರಿಯಬೇಕು, ಕೊನೆಗೆ ಹೇಗೆ ದನಿ ಇಳಿಸಬೇಕು ಎಲ್ಲ. ದುಗ್ಗಮ್ಮನ ಗಂಟಲು ದೊಡ್ಡದು, ನಾಚಿಕೆ ಕಡಿಮೆ. ಹೋದ ವಾರ ಎರಡು ಸಂಜೆ ಅವಳೊಬ್ಬಳೇ ದಿಬ್ಬದ ಮೇಲೆ ನಿಂತು ಕೂಗಿದ್ದಳು, ದನಗಳು ಇಳಿದು ಬಂದಿದ್ದವು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಗಂಟೆಯ ಸದ್ದು ಕೇಳುತ್ತ ಪದ್ಮಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಿದ್ದಳು. ಇವತ್ತೂ ದುಗ್ಗಮ್ಮ ಕೂಗಲಿ, ದನ ಬರಲಿ, ಪೂರ್ಣೇಶನಿಗೆ ಬೇಕಾದದ್ದು ಸಿಗಲಿ. ತಾನು ಒಳಗೇ ಇರುವುದೆಂದು ಅವಳು ತೀರ್ಮಾನಿಸಿದ್ದಳು.

ಬಿಸಿಲು ವಾಲಿತು. ಕತ್ತಲೆಗೆ ಮೊದಲು ಹೊರಡಬೇಕೆಂದು ಪೂರ್ಣೇಶ್ ಅವಸರಿಸಿದ. ಕೊಟ್ಟಿಗೆಯ ಅಂಗಳಕ್ಕೆ ಹೋಗುವಲ್ಲಿ ಉಣುಗೋಲು ಇತ್ತು, ಎರಡು ಕಂಬದ ನಡುವೆ ಅಡ್ಡ ಇಟ್ಟ ಗಳಗಳನ್ನು ಸರಿಸಿ ದಾಟುವ ಬಾಗಿಲು. ಎಲ್ಲರೂ ಅಲ್ಲಿ ಸೇರಿದರು. ಎಣಿಸಿದ್ದನ್ನೇ ಎರಡು ಸಲ ಎಣಿಸದ ಹಾಗೆ ಹಣೆಗೆ ಬೊಟ್ಟು ಇಡಲು ಸತೀಶ್ ಕೆಮ್ಮಣ್ಣು ಕಲಸಿಕೊಂಡಿದ್ದ.

"ಅಕ್ಕ, ಬಾ ಇಲ್ಲಿ," ಎಂದು ಪ್ರಸಾದ ಕೂಗಿದ. "ಯಾವ ದನ, ಎಷ್ಟು ವಯಸ್ಸು ಅಂತ ಕೇಳಿದ್ರೆ ನಂಗೆ ಎಂಥ ಗೊತ್ತು?"

"ಎಲ್ಲಾ ಒಳಗೆ ಬಂದ್ಮೇಲೆ ಬರ್ತೀನಿ."

"ಅವರು ಕಾಯ್ತಿದಾರೆ ಅಕ್ಕ."

ಅವಳು ಹೋಗಿ ಕಂಬದ ಪಕ್ಕ ನಿಂತಳು. ಅಲ್ಲೇ ಅವಳು ತಪ್ಪಿದ್ದು.

ದುಗ್ಗಮ್ಮ ದಿಬ್ಬ ಹತ್ತಿ ಕೂಗಿದಳು. "ಹೋ... ಬಾ... ಬಾ ಕೆಂದೀ..." ಒಳ್ಳೆಯ ಕೂಗು, ಏನೂ ತಪ್ಪಿರಲಿಲ್ಲ. ಸ್ವಲ್ಪ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಗಂಟೆ ಕೇಳಿತು. ಎಲ್ಲಕ್ಕೂ ಮುಂದೆ ಕೆಂದಿ, ಕೆಂಪು ಮೈಯ ಸಣ್ಣ ಹಸು, ಅದರ ಹಿಂದೆ ಉಳಿದವು. ಪೂರ್ಣೇಶ್ ಮೊಬೈಲು ತೆಗೆದು ಮುಂದೆ ಹಿಡಿದ. ಅರ್ಧ ಇಳಿಜಾರು ಬಂದು ಕೆಂದಿ ನಿಂತಿತು. ಹಿಂದಿನವೂ ನಿಂತವು. ದುಗ್ಗಮ್ಮ ಮತ್ತೆ ಕೂಗಿದಳು. ಕೆಂದಿ ದುಗ್ಗಮ್ಮನತ್ತ ನೋಡಲಿಲ್ಲ. ಉಣುಗೋಲಿನ ಹತ್ತಿರ ಬಾಯಿ ಮುಚ್ಚಿ ನಿಂತ ಪದ್ಮಲತಾಳನ್ನೇ ನೋಡುತ್ತಿತ್ತು.

ಆಗ ಅವಳಿಗೆ ಅರ್ಥವಾಯಿತು. ಅವಳು ಕಣ್ಣಿಗೆ ಬೀಳದ ದಿನ ಅವು ದುಗ್ಗಮ್ಮನ ಕೂಗನ್ನು ಅವಳದೆಂದೇ ನಂಬಿ ಬಂದಿದ್ದವು. ಇವತ್ತು ಅವಳು ಎದುರಿಗಿದ್ದಾಳೆ, ಕೂಗುತ್ತಿಲ್ಲ. ಅಂದ ಮೇಲೆ ಏನೋ ಕೆಡುಕಿದೆ. ಒಳಗೆ ಹೋಗಿಬಿಡೋಣ ಎಂದು ಅವಳು ಹೆಜ್ಜೆ ಕಿತ್ತಳು. ಕೆಂದಿ ಗಾಬರಿಯಲ್ಲಿ ನಾಲ್ಕು ಮಾರು ಹಿಂದೆ ಸರಿಯಿತು. ಅವಳು ಮತ್ತೆ ನಿಂತಲ್ಲೇ ನಿಂತಳು.

ಸತೀಶ್ ಬಕೆಟಿನಲ್ಲಿ ಹಿಂಡಿ ಅಲ್ಲಾಡಿಸಿದ. ಹೊಟ್ಟೆಬಾಕ ಎರಡು ಮುದಿ ಎತ್ತುಗಳು ಬಂದವು. ಪ್ರಸಾದ ತಾನೂ ಒಂದು ಕೈ ನೋಡಲು ಹೋಗಿ ಕೂಗಿದ. ಹತ್ತಿರವಿದ್ದ ಹಸು ಬಾಲ ಎತ್ತಿ ಮೇಲಕ್ಕೆ ಓಡಿತು. ದುಗ್ಗಮ್ಮನ ಗಂಟಲು ಒಡೆಯಿತು. ಹೂವಯ್ಯ ನಗು ತಡೆಯಲಾರದೆ ಬೀಡಿ ಹಚ್ಚಿಕೊಂಡ.

ಪೂರ್ಣೇಶ್ ಮೊಬೈಲು ಜೇಬಿಗೆ ಹಾಕಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಿರಾಸೆ ಇತ್ತು.

"ಬೇಜಾರು ಮಾಡ್ಕೋಬೇಡಿ ಪ್ರಸಾದಣ್ಣ. ಕೂಗಿದ್ರೆ ಬಾರದ ದನ ಇಟ್ಕೊಂಡು ನಾನು ಎಂಥ ಮಾಡ್ಲಿ? ಊರವರ ಗದ್ದೆಗೆ ನುಗ್ಗಿದ್ರೆ ದಿನಾ ಪಂಚಾಯ್ತಿ. ಜಾಗ ತಗೊಳ್ತೀನಿ, ಅದರಲ್ಲಿ ಹಿಂದೆ ಮುಂದೆ ಇಲ್ಲ. ದನದ ವ್ಯವಸ್ಥೆ ನೀವೇ ಮಾಡ್ಕೊಳ್ಳಿ."

ಪ್ರಸಾದ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕ, ಇದೂ ಕೈಬಿಟ್ಟರೆ ಇನ್ಯಾರೂ ಬರಲ್ಲ. ಮೊನ್ನೆ ಒಬ್ಬ ದಲ್ಲಾಳಿ ಫೋನು ಮಾಡಿದ್ದ. ಲಾರಿ ತರ್ತೀನಿ, ಸಾಕೋರಿಗೇ ಕೊಡ್ತೀನಿ ಅಂದ."

"ಮುದಿ ದನನ ಸಾಕೋರು ಯಾರು?"

ಪ್ರಸಾದ ನೆಲ ನೋಡಿದ. ಅವನೂ ಅದೇ ಮನೆಯಲ್ಲಿ ಹುಟ್ಟಿದವನು, ಅವನಿಗೂ ಗೊತ್ತಿತ್ತು.

ಈಗ ಪದ್ಮಲತಾಳ ಮುಂದೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು. ಜಾಗ ಮಾರಿಹೋಗುತ್ತದೆ, ನಾಳೆಯೋ ನಾಡಿದ್ದೋ ಅವಳು ಸಾಗರದ ಬಸ್ಸು ಹತ್ತುತ್ತಾಳೆ, ಲಾರಿ ಬರುವಾಗ ಅವಳು ಇಲ್ಲಿ ಇರಬೇಕಾಗಿಯೂ ಇಲ್ಲ. ಕೂಗಿದರೆ ದನ ಉಳಿಯುತ್ತವೆ, ಅವುಗಳ ಜೊತೆಗೆ ಕೂಗುವವಳೂ ಉಳಿಯಬೇಕು. ಸಾಗರ ಅಲ್ಲಿಗೆ ಮುಗಿಯಿತು. ಬಾಯಿ ಮುಚ್ಚಿಕೊಳ್ಳುವುದು ಎಷ್ಟು ಸಣ್ಣ ಕೆಲಸ ಎಂದು ಅವಳಿಗೆ ಅನಿಸಿತು. ಇಷ್ಟು ವರ್ಷ ಅದನ್ನೇ ಅಲ್ಲವೇ ಮಾಡಿದ್ದು? ಅಪ್ಪನ ಎದುರು, ತಮ್ಮನ ಎದುರು, ಬಂದು ನೋಡಿ ಹೋದ ಗಂಡುಗಳ ಎದುರು. ಇನ್ನು ಸ್ವಲ್ಪ ಹೊತ್ತು ಮುಚ್ಚಿಕೊಂಡಿದ್ದರೆ ಆಯಿತು. ಅವಳು ದನಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಹಾಳಾದವು, ಎರಡು ದಿನ ಬಂದವು ಮೂರನೆಯ ದಿನ ಬರಬಾರದಿತ್ತೇ? ಸಿಟ್ಟು ಬಂತು, ನಿಲ್ಲಲಿಲ್ಲ. ಇಳಿಜಾರಿನಲ್ಲಿ ಅಷ್ಟೂ ದನ ಕಿವಿ ನಿಮಿರಿಸಿ ಅವಳ ಬಾಯನ್ನೇ ಕಾಯುತ್ತಿದ್ದವು. ಕುರುಡು ಹಸು ಒಂದಿತ್ತು, ಬೆಳ್ಳಿ ಎಂದು ಹೆಸರು. ಅದಕ್ಕೆ ಮುಂದಿನ ದನಗಳು ಏಕೆ ನಿಂತವೆಂದು ಗೊತ್ತಾಗದೆ ಅವುಗಳ ಬೆನ್ನಿಗೆ ಮೂತಿ ಒರೆಸುತ್ತಿತ್ತು.

ಅವಳು ಕೂಗಿದಳು.

ಕೂಗು ಬಂದ ಮೇಲೆಯೇ ಅದು ತನ್ನದೆಂದು ಅವಳಿಗೆ ತಿಳಿದದ್ದು. ಗುಡ್ಡವೇ ಉರುಳಿ ಬಂದಂತೆ ದನಗಳು ಇಳಿದವು, ಮುದಿಯವೂ ಕುಂಟುತ್ತ ಓಡಿದವು. ಬಂದು ಅವಳ ಸುತ್ತ ಮುತ್ತಿ, ಸೆರಗು, ಕೈ, ಮೊಣಕೈ ಸಿಕ್ಕಿದ್ದನ್ನು ನೆಕ್ಕಿದವು. ದನಗಳ ನಡುವೆ ಅವಳು ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದಳು.

ಪೂರ್ಣೇಶ್ ಮೊಬೈಲು ತೆಗೆಯುವುದನ್ನೂ ಮರೆತಿದ್ದ. ಕನ್ನಡಕ ತೆಗೆದು ಒರೆಸಿಕೊಂಡ. "ಇದೇ ಲತಕ್ಕ, ಇದೇ. ನಮ್ಮಜ್ಜಿ ಹಿಂಗೇ ಕೂಗ್ತಿದ್ರು," ಎಂದ. ಆಮೇಲೆ ಪ್ರಸಾದನ ಕಡೆ ತಿರುಗಿ ಹೇಳಿದ, "ನಿಮ್ಮ ಷರತ್ತು ನಾನು ಒಪ್ಪಿದೀನಿ. ನಂದೂ ಒಂದು ಉಂಟು. ಲತಕ್ಕ ಇಲ್ಲೇ ಇರ್ಬೇಕು."

"ಅಯ್ಯೋ, ಅಕ್ಕ ಇರ್ತಾಳೆ," ಎಂದ ಪ್ರಸಾದ. ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ. "ಅವಳಿಗೂ ದನ ಬಿಟ್ಟು ಬೇರೆ ಕಡೆ ಹೊತ್ತು ಹೋಗಲ್ಲ."

"ನಾನು ಸಾಗರಕ್ಕೆ ಹೋಗ್ತೀನಿ," ಎಂದಳು ಪದ್ಮಲತಾ.

"ಹೋಗಿ ಬಾ ಅಕ್ಕ. ಯಾರು ಬೇಡ ಅಂದ್ರು? ನಾಲ್ಕು ದಿನ ಇದ್ದು ಬಾ."

"ಬರಕ್ಕಲ್ಲ ಪ್ರಸಾದ. ಅಲ್ಲೇ ಇರಕ್ಕೆ."

ಪ್ರಸಾದ ನಕ್ಕ. ಮನೆಗೆ ಬಂದವರೆದುರು ಅಕ್ಕ ಸಂಕೋಚ ಪಡುತ್ತಿದ್ದಾಳೆ ಎಂದು ಅವನು ತಿಳಿದ. ಪೂರ್ಣೇಶನಿಗೂ ಹಾಗೇ ಅನಿಸಿತು. "ಕೆಲಸದವರ ಥರ ಅಂತ ತಿಳ್ಕೋಬೇಡಿ ಲತಕ್ಕ. ಮನೆ ನಿಮ್ದೇ. ಅಡುಗೆಮನೆಗೆ ಟೈಲ್ಸ್ ಹಾಕಿಸ್ತೀನಿ, ಬಿಸಿನೀರಿಗೆ ಸೋಲಾರು. ನಮ್ಮನೆಯೋರೂ ಬಂದು ಹೋಗ್ತಾರೆ, ಮಾತಿಗೆ ಜನ ಇರ್ತದೆ."

"ನಾನು ಇಲ್ಲ ಅಂದ್ರೆ?"

ಪೂರ್ಣೇಶ್ ಸುಳ್ಳು ಹೇಳುವವನಾಗಿದ್ದರೆ ಅವಳು ಬದುಕುತ್ತಿದ್ದಳು. "ಬಲವಂತ ಇಲ್ಲಕ್ಕ. ನೀವಿಲ್ದೆ ದನ ನನ್ನ ಕೈಲಾಗಲ್ಲ, ಕಣ್ಣಾರೆ ನೋಡಿದ್ನಲ್ಲ. ಹೂಂ ಅಂದು ಆಮೇಲೆ ಪಾಪ ಕಟ್ಕೊಳ್ಳೋಕಿಂತ ಈಗಲೇ ಬೇಡ ಅನ್ನೋದು ಒಳ್ಳೇದು."

ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ತಪ್ಪಿದ್ದರೆ ಜಗಳವಾಡಬಹುದಿತ್ತು. ದನಗಳು ಸುರಕ್ಷಿತವಾಗಿರಲಿ ಎಂದು ಅವಳೇ ಹಾಕಿದ ಷರತ್ತಿಗೆ ಅವನು ಹುಡುಕಿದ ಉತ್ತರ ಅವಳೇ. ತಾನು ತೋಡಿದ ಅಗಳದೊಳಗೆ ತಾನೇ ನಿಂತಿದ್ದೇನೆ ಎಂದು ಪದ್ಮಲತಾಗೆ ಅನಿಸಿತು. ಸುತ್ತಲಿನವರೆಲ್ಲ ಅವಳು ಹೂಂ ಎನ್ನಲೆಂದು ಪ್ರೀತಿಯಿಂದ ಕಾಯುತ್ತಿದ್ದರು.

ಅವಳು ಲೆಕ್ಕ ಹಾಕಿದಳು. ಮನೆಯ ಹೋರಿ ಸತ್ತ ಮೇಲೆ ಹುಟ್ಟಿದ್ದು ಯಾವುದೂ ಇಲ್ಲ. ಎಲ್ಲಕ್ಕಿಂತ ಕಿರಿಯದು ಕೆಂದಿ, ಅದಕ್ಕೇ ಹತ್ತಾಯಿತು. ಗಿಡ್ಡ ತಳಿ ಗಟ್ಟಿ, ಇಪ್ಪತ್ತರ ತನಕ ಬದುಕುತ್ತದೆ. ಇನ್ನು ಹತ್ತು ವರ್ಷ. ಆಗ ತನಗೆ ಐವತ್ತೈದು. ಐವತ್ತೈದರಲ್ಲಿ ಕಣ್ಣು ಕಾಣುತ್ತದೆ, ಸೂಜಿಗೆ ದಾರ ಪೋಣಿಸಬಹುದು. ಶ್ರದ್ಧಾ ಕಾಯುತ್ತಾಳೋ ಇಲ್ಲವೋ, ಎಲ್ಲಾದರೂ ಒಂದು ರೂಮು ಸಿಕ್ಕೀತು. ಜೀವಾವಧಿಗೂ ಒಂದು ಅವಧಿ ಎಂದಿರುತ್ತದಲ್ಲ.

"ಇವತ್ತು ಎಣಿಸಿದ ದನ ಇರೋ ತನಕ ಇರ್ತೀನಿ," ಎಂದಳು. "ಕೊನೇದು ಹೋದ ದಿನ ನಾನೂ ಹೋಗ್ತೀನಿ. ಇನ್ನು ಮುಂದೆ ನೀವು ತಂದದ್ದು, ಇಲ್ಲಿ ಹುಟ್ಟಿದ್ದು, ಎಲ್ಲಾ ನಿಮ್ದು. ಅದರ ಪಾಪ ಪುಣ್ಯ ನಂಗೆ ಬೇಡ."

"ಆಗ್ಲಿ ಅಕ್ಕ. ಮಾತು ಅಂದ್ರೆ ಮಾತು." ಪೂರ್ಣೇಶ್ ಕೈಮುಗಿದ. ಪ್ರಸಾದ ಅಕ್ಕನ ಭುಜ ಮುಟ್ಟಿ, "ನಂಗೀಗ ಸಮಾಧಾನ ಆಯ್ತು," ಎಂದ. ಅದೂ ನಿಜವೇ.

ಹೂವಯ್ಯ ಉಣುಗೋಲಿನ ಗಳ ಸರಿಸಿದ. ದನಗಳು ಒಂದೊಂದಾಗಿ ಒಳಗೆ ಹೋಗತೊಡಗಿದವು, ಸತೀಶ್ ಒಂದೊಂದರ ಹಣೆಗೂ ಕೆಮ್ಮಣ್ಣಿನ ಬೊಟ್ಟು ಇಟ್ಟ. ಪದ್ಮಲತಾ ಹೆಸರು ಹೇಳಿದಳು. ಮುದಿ ಎತ್ತುಗಳು, ಕುಂಟು ಹಸು, ಬೆಳ್ಳಿ. ಬೆಳ್ಳಿಗೆ ದಾರಿ ತೋರಲು ಕೊಂಬು ಹಿಡಿದು ನಡೆಸಿದಳು. ಸತೀಶನಿಗೆ ಕೆಲಸ ಖುಷಿ ಕೊಟ್ಟಿತ್ತು.

"ಪ್ರಸಾದಣ್ಣ, ಗಬ್ಬದ ದನ ಇದ್ರೆ ಒಂದು ಅಂತ ಎಣಿಸೋದಾ, ಎರಡು ಅಂತಲಾ?" ಎಂದು ತಮಾಷೆಗೆ ಕೇಳಿದ.

ಪ್ರಸಾದ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮನೆತನದ ಮಾತು ಬಂದಾಗ ಅವನ ಎದೆ ಒಂದಿಷ್ಟು ಮುಂದೆ ಬರುತ್ತಿತ್ತು. "ಎರಡು. ಹೊಟ್ಟೆಯೊಳಗಿದ್ರೂ ಜೀವ ಜೀವವೇ. ನಮ್ಮಪ್ಪ ಹಾಗೇ ಎಣಿಸ್ತಿದ್ರು."

"ಹಾಗಾದ್ರೆ ಎರಡು ಬೊಟ್ಟು ಇಡು," ಎಂದ ಪೂರ್ಣೇಶ್ ನಗುತ್ತ.

"ಯಾವ್ದಾದ್ರೂ ಉಂಟಾ ಅಕ್ಕ?" ಸತೀಶ್ ಕೇಳಿದ.

ಉಳಿದದ್ದು ಕೆಂದಿ ಒಂದೇ. ಅದು ಪದ್ಮಲತಾಳ ಸೊಂಟಕ್ಕೆ ತಲೆ ಆನಿಸಿ ನಿಂತಿತ್ತು. ದೀಪಾವಳಿ ಕಳೆದ ಮೇಲೆ ಹೂವಯ್ಯನ ಹೋರಿ ಒಂದು ದಿನ ಆ ಮುಚ್ಚಿದ ಅಗಳ ದಾಟಿ ಈಚೆಗೆ ಬಂದಿತ್ತು. ಅವಳು ಓಡಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಆಮೇಲೆ ಕೆಂದಿ ಬೆದೆಗೆ ಬಂದಿಲ್ಲ. ಮೂರು ತಿಂಗಳು, ನೋಡಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಊರವರು ಅದನ್ನು ಗೊಡ್ಡು ಎಂದೇ ತಿಳಿದಿದ್ದರು. ಹೂವಯ್ಯನಿಗೂ ಗೊತ್ತಿರಲಿಲ್ಲ.

"ಇಲ್ಲ," ಎಂದಳು.

ಸತೀಶ್ ಒಂದು ಬೊಟ್ಟು ಇಟ್ಟ. ಕೆಂದಿ ಗಳ ದಾಟಿ ಒಳಗೆ ಹೋಯಿತು.

ಇಷ್ಟು ಸುಲಭವೇ ಎಂದು ಅವಳಿಗೆ ಬೆರಗಾಯಿತು. ಎಣಿಕೆಗೆ ಸೇರದ ಕರು ಪೂರ್ಣೇಶನದು. ಹೆಣ್ಣಾದರೆ ಉಳಿದೀತು. ಗಂಡಾದರೆ ಈ ಕಾಲದಲ್ಲಿ ಗಂಡು ಕರುಗಳು ಎಲ್ಲಿಗೆ ಹೋಗುತ್ತವೆಂದು ಮಲೆನಾಡಿನಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆ ಕರು ಅವಳ ಕೈಯ ಮೇಲೇ ಹುಟ್ಟುತ್ತದೆ, ಅವಳೇ ಮೈ ಒರೆಸಿ ಮೊಲೆಗೆ ಹಿಡಿಸಬೇಕು, ಆಮೇಲೆ ಒಂದು ದಿನ ಅದು ಹೋಗುವುದನ್ನು ಇದೇ ಕಂಬದ ಪಕ್ಕ ನಿಂತು ನೋಡಬೇಕು. ಹೊಟ್ಟೆಯಲ್ಲಿರುವ ಜೀವ ಹುಟ್ಟದೆ ಹೋದರೆ ಒಳ್ಳೆಯದು ಎಂದು ಅವಳಿಗೆ ಅನಿಸಿತು. ಅವಳ ಬದುಕಿನಲ್ಲಿ ಅಂಥ ಯೋಚನೆ ಬಂದದ್ದು ಅದೇ ಮೊದಲು. ಅವಳಿಗೆ ಹೆದರಿಕೆಯಾಯಿತು, ತನ್ನ ಬಗ್ಗೆಯೇ.

ಸತೀಶ್ ಕೆಮ್ಮಣ್ಣಿನ ಕೈ ತೊಳೆಯಲು ಹೊರಟಿದ್ದ.

"ನಿಲ್ಲು ಸತೀಶ," ಎಂದಳು. "ಕೆಂದಿಗೆ ಇನ್ನೊಂದು ಬೊಟ್ಟು ಇಡಪ್ಪ."

"ಗಬ್ಬನಾ? ನೀವೇ ಇಲ್ಲ ಅಂದ್ರಲ್ಲ."

"ಮರ್ತಿದ್ದೆ."

ಸತೀಶ್ ನಗುತ್ತ ಒಳಗೆ ಹೋದ. ಒಳ್ಳೆಯ ಶಕುನ ಎಂದು ಹೂವಯ್ಯ ಹೇಳಿದ, ಪ್ರಸಾದ ಹೌದೆಂದ, ಪೂರ್ಣೇಶನಿಗಂತೂ ಬಹಳ ಸಂತೋಷವಾಯಿತು. ಪದ್ಮಲತಾ ಐವತ್ತೈದಕ್ಕೆ ಕರುವಿನ ಪಾಲಿನ ಹತ್ತು ಕೂಡಿಸಿದಳು.